ಗೂಡು ಬಿಡಿಸುವ ಅಮ್ಮನ ಮುಖಕ್ಕೆ ಬೆಳಕು ತರುವುದು ಹೇಗೆ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನವನು. ಹಗಲು ಬೇರೆ ಕೆಲಸ, ರಾತ್ರಿ ಹೊತ್ತು ಚಿತ್ರ ಬರೆಯುತ್ತೇನೆ. ಬೆಳಿಗ್ಗೆ ಜಗಲಿಯಲ್ಲಿ ಕೂತು ಚಂದ್ರಿಕೆಯಿಂದ (ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ) ರೇಷ್ಮೆಗೂಡು ಬಿಡಿಸುತ್ತಿದ್ದ ಅಮ್ಮನ ಫೋಟೊವನ್ನು ಮೊಬೈಲಿನಲ್ಲಿ ತೆಗೆದು, ಅದನ್ನು ನೋಡಿ 24×30 ಇಂಚಿನ ಕ್ಯಾನ್ವಾಸಿನಲ್ಲಿ ತೈಲವರ್ಣದ ಚಿತ್ರ ಮಾಡಿದ್ದೇನೆ. ಮುಗಿಸಿ ಎರಡು ತಿಂಗಳಾಯಿತು. ಹೋಲಿಕೆ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮುಖ ಬೂದಿ ಬಳಿದಂತೆ ಕಾಣುತ್ತದೆ. ಬಿಸಿಲು ಬಿದ್ದ ಕಡೆ ಎಷ್ಟು ಬಿಳಿ ಸೇರಿಸಿದರೂ ಬಿಸಿಲು ಅನ್ನಿಸುವುದಿಲ್ಲ. ನೆರಳಿಗೆ ಕಪ್ಪು ಬೆರೆಸಿದರೆ ಕೊಳೆ ಮೆತ್ತಿದಂತಾಗುತ್ತದೆ. ಮೂಲ ಫೋಟೊ, ಚಿತ್ರದ ಫೋಟೊ ಎರಡನ್ನೂ ಕಳಿಸಿದ್ದೇನೆ. ಬಣ್ಣ, ಬೆಳಕು ಸುಧಾರಿಸಲು ಏನು ಮಾಡಬೇಕು?

ಉತ್ತರ: ಎರಡೂ ಫೋಟೊಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಸಾಕಷ್ಟು ಹೊತ್ತು ನೋಡಿದೆ. ನಿಮ್ಮ ರೇಖೆ ಗಟ್ಟಿಯಾಗಿದೆ. ಬೆನ್ನು ಬಾಗಿದ ರೀತಿ, ಒಂದು ಕೈ ಚಂದ್ರಿಕೆಯನ್ನು ಒತ್ತಿ ಹಿಡಿದಿರುವಾಗ ಇನ್ನೊಂದು ಕೈಯ ಬೆರಳುಗಳು ಬಿದಿರು ಸುರುಳಿಯಿಂದ ಗೂಡನ್ನು ಬಿಡಿಸಿ ಎತ್ತುವ ರೀತಿ, ಇದನ್ನೆಲ್ಲ ದಿನವೂ ಕಂಡವರೇ ಹೀಗೆ ಬರೆಯಬಲ್ಲರು. ಈ ರೇಖೆಯನ್ನು ಮುಟ್ಟಬೇಡಿ. ಕ್ಯಾನ್ವಾಸನ್ನು ಬಿಸಾಡುವ ಯೋಚನೆಯೂ ಬೇಡ. ಇದು ಸರಿಹೋಗುವ ಚಿತ್ರ.

ತೊಂದರೆ ಮುಖದಲ್ಲಿದೆ ಎಂದು ನಿಮಗೆ ಅನ್ನಿಸಿದೆ. ನನಗೆ ಕಾಣುವುದು ಬೇರೆ. ನೀವು ಒಂದೊಂದು ವಸ್ತುವಿಗೂ ಬೇರೆ ಬೇರೆಯಾಗಿ ಬಣ್ಣ ಕಲಸಿದ್ದೀರಿ. ಸೀರೆಗೆ ಕೆಂಪು, ಅದರ ಬಿಸಿಲಿಗೆ ಕೆಂಪು ಮತ್ತು ಬಿಳಿ, ಅದರ ನೆರಳಿಗೆ ಕೆಂಪು ಮತ್ತು ಕಪ್ಪು. ಕೈಗೆ ಕಂದು, ಮತ್ತೆ ಅದೇ ಬಿಳಿ, ಅದೇ ಕಪ್ಪು. ಗೋಡೆಗೂ ಹಾಗೆಯೇ. ಹೀಗೆ ಮಾಡಿದಾಗ ಚಿತ್ರದಲ್ಲಿ ತಿಳಿ ಬಣ್ಣವೂ ಗಾಢ ಬಣ್ಣವೂ ಬರುತ್ತವೆ, ಬೆಳಕು ಮಾತ್ರ ಬರುವುದಿಲ್ಲ. ನಿಮ್ಮ ಅಮ್ಮನ ತೋಳಿನ ಮೇಲೆ ಬಿದ್ದ ಬಿಸಿಲೇ ಸೀರೆಯ ಮಡಿಕೆಯ ಮೇಲೂ ಚಂದ್ರಿಕೆಯ ಬಿದಿರಿನ ಮೇಲೂ ಬಿದ್ದಿದೆ. ಆದ್ದರಿಂದ ಮೂರೂ ಒಂದೇ ದಿಕ್ಕಿಗೆ, ಅಂದರೆ ಹಳದಿ-ಕಿತ್ತಳೆಯ ಕಡೆಗೆ, ತುಸು ವಾಲಬೇಕು. ನೆರಳಿನಲ್ಲಿರುವುದೆಲ್ಲವೂ ಹಾಗೆಯೇ ಇನ್ನೊಂದು ದಿಕ್ಕಿಗೆ ಒಟ್ಟಾಗಿ ವಾಲಬೇಕು. ಬೆಳಕು ಕಾಣುವುದು ಈ ಒಟ್ಟು ವಾಲಿಕೆಯಿಂದ. ಟ್ಯೂಬಿನ ಬಿಳಿಗೆ ಆ ಶಕ್ತಿ ಇಲ್ಲ.

ಹಾಗಾಗಿ ಕುಂಚ ಹಿಡಿಯುವ ಮೊದಲು ಆ ಜಗಲಿಯಲ್ಲಿ ಯಾವ ಯಾವ ಬೆಳಕುಗಳಿವೆ ಎಂದು ಲೆಕ್ಕ ಹಾಕೋಣ. ನಿಮ್ಮ ಫೋಟೊದಲ್ಲಿ ಎಳೆಬಿಸಿಲು ಎಡಗಡೆಯಿಂದ, ಓರೆಯಾಗಿ ಬರುತ್ತಿದೆ. ಅದು ಹೆಗಲಿನ ಮೇಲೆ, ಮೊಣಕೈಯಿಂದ ಕೆಳಗೆ, ಮೊಣಕಾಲಿನ ಮೇಲಿನ ಸೀರೆಯ ಮೇಲೆ, ಚಂದ್ರಿಕೆಯ ಮುಕ್ಕಾಲು ಭಾಗದ ಮೇಲೆ ಬಿದ್ದಿದೆ. ಮುಖವೋ, ಬಾಗಿದೆ, ಸೂರಿನ ನೆರಳಿನಲ್ಲಿದೆ. ಬಿಸಿಲು ತಾಗಿರುವುದು ಕೆನ್ನೆಯ ಮೂಳೆಯ ಅಂಚಿಗೆ, ಮೂಗಿನ ತುದಿಗೆ, ಅಷ್ಟೇ. ಆದರೆ ನಿಮ್ಮ ಚಿತ್ರದಲ್ಲಿ ಅರ್ಧ ಮುಖ ಬಿಸಿಲಿನಲ್ಲಿದೆ. ಮುಖ ಮುಖ್ಯ, ಅದು ಬೆಳಗಬೇಕು ಎಂಬ ಆಸೆಯಿಂದ ನೀವು ಅದಕ್ಕೆ ಬಿಳಿ ಸೇರಿಸುತ್ತಾ ಹೋಗಿದ್ದೀರಿ. ಸೇರಿಸಿದಷ್ಟೂ ಅದು ಬೂದಿಯಾಗಿದೆ. ಈ ಚಿತ್ರದಲ್ಲಿ ನಾನು ಕಂಡ ದೊಡ್ಡ ತಪ್ಪು ಇದೊಂದೇ. ಉಳಿದದ್ದೆಲ್ಲ ಇದರ ಹಿಂದೆ ಬಂದವು.

ನೆರಳಿನಲ್ಲಿರುವ ಮುಖ ಅಂದರೆ ಕತ್ತಲೆಯ ಮುಖ ಅಲ್ಲ. ಆ ಮುಖಕ್ಕೆ ಎರಡು ಕಡೆಯಿಂದ ಬೆಳಕು ಬರುತ್ತಿದೆ. ಒಂದು, ಅಂಗಳದ ಮೇಲಿನ ತೆರೆದ ಆಕಾಶ. ಅದು ತಂಪಾದ, ನೀಲಿ ಬೆರೆತ ಬೆಳಕು. ಹಣೆ, ಮೂಗಿನ ಏಣು, ಕೆನ್ನೆಯ ಮೇಲ್ಭಾಗ, ಬೈತಲೆಯ ಅಕ್ಕಪಕ್ಕದ ಕೂದಲು, ಹೀಗೆ ಮೇಲ್ಮುಖವಾದ ಜಾಗಗಳಿಗೆಲ್ಲ ಅದು ತಾಗುತ್ತದೆ. ಇನ್ನೊಂದು ಕೆಳಗಿನಿಂದ ಪುಟಿದು ಬರುವ ಬೆಳಕು. ಇಲ್ಲಿಯೇ ನಿಮ್ಮ ಚಿತ್ರದ ಜೀವ ಇದೆ. ಅಮ್ಮನ ಮುಂದಿರುವುದು ಬಿಸಿಲಿಗೆ ಮೈಯೊಡ್ಡಿದ ಚಂದ್ರಿಕೆ, ಅದರ ತುಂಬ ಹಳದಿ ಗೂಡು. ನಿಮ್ಮ ಕಡೆ ಸಾಕುವ ಮೈಸೂರು ಮಿಶ್ರತಳಿಯ ಗೂಡಿಗೆ ಹಸಿರು ಲೇಪಿಸಿದಂಥ ಹಳದಿ ಬಣ್ಣ ಇರುತ್ತದೆಯಲ್ಲ, ಅದು ಬಿಸಿಲಿನಲ್ಲಿ ಒಂದು ದೀಪದ ಕೆಲಸವನ್ನೇ ಮಾಡುತ್ತದೆ. ಆ ಬಣ್ಣ ನೇರವಾಗಿ ಗಲ್ಲದ ಅಡಿಗೆ, ಕೆಳತುಟಿಯ ಕೆಳಗೆ, ಮೂಗಿನ ಹೊಳ್ಳೆಯ ಅಡಿಗೆ, ಹುಬ್ಬಿನ ಕೆಳಗಿನ ಗುಳಿಗೆ, ಅಂಗೈಗೆ ಏರುತ್ತದೆ. ಅದರ ಜೊತೆಗೆ ಅಂಗಳದ ಕೆಮ್ಮಣ್ಣಿನ ಬೆಳಕೂ ಸೇರುತ್ತದೆ. ನಿಮ್ಮದು ದ್ವಿತಳಿ ಎಂಬ ಇನ್ನೊಂದು ಬಗೆಯ ಹುಳುವಿನ ಬಿಳಿ ಗೂಡಾಗಿದ್ದರೆ ಮುಖದ ಅಡಿಭಾಗ ಇನ್ನೂ ಹೆಚ್ಚು ಬೆಳಗುತ್ತಿತ್ತು, ಆದರೆ ಈ ಚಿನ್ನದ ಛಾಯೆ ಬರುತ್ತಿರಲಿಲ್ಲ.

ಈಗ ನಿಮ್ಮ ಕ್ಯಾನ್ವಾಸ್ ನೋಡಿ. ಗಲ್ಲದ ಅಡಿ, ಹೊಳ್ಳೆಯ ಅಡಿ, ಕಣ್ಣಿನ ಗುಳಿ, ಈ ಮೂರು ಜಾಗಗಳಿಗೇ ನೀವು ಅತಿ ಹೆಚ್ಚು ಕಪ್ಪು ಹಾಕಿದ್ದೀರಿ. ಮುಖಚಿತ್ರದಲ್ಲಿ ಗಲ್ಲದ ಅಡಿ ಗಾಢವಾಗಿರಬೇಕು ಎಂಬ ಪಾಠ ಮೇಲಿನಿಂದ ಬೆಳಕು ಬೀಳುವ ಸ್ಟುಡಿಯೊಗೆ ಸರಿ. ಮುಂದೆ ಹಳದಿ ಗೂಡಿನ ರಾಶಿ ಹರಡಿಕೊಂಡು ಕೂತವರಿಗೆ ಆ ಪಾಠ ಹೊಂದುವುದಿಲ್ಲ.

ನನ್ನ ಮಾತನ್ನು ನಂಬಿ ಬಣ್ಣ ಹಚ್ಚಬೇಡಿ, ಪರೀಕ್ಷೆ ಮಾಡಿ. ಮುಂದಿನ ಬೆಳೆಯಲ್ಲಿ ಗೂಡು ಬಿಡಿಸುವ ದಿನ, ಅದೇ ಜಗಲಿ, ಅದೇ ಹೊತ್ತು. ಒಂದು ಬಿಳಿ ಹಾಳೆಯನ್ನು ಅಮ್ಮನ ಗಲ್ಲದ ಪಕ್ಕದಲ್ಲಿ, ಮುಖ ಕೆಳಗಾಗುವಂತೆ ಅಡ್ಡ ಹಿಡಿದು ಅದರ ಅಡಿಯನ್ನು ನೋಡಿ. ಹಳದಿ ಕಾಣುತ್ತದೆ. ಹಾಳೆಯನ್ನು ಆಕಾಶದ ಕಡೆಗೆ ತಿರುಗಿಸಿ. ನೀಲಿ ಬೂದು ಕಾಣುತ್ತದೆ. ಆಮೇಲೆ ಚಂದ್ರಿಕೆಯ ಮೇಲೆ ಕಪ್ಪು ಕಂಬಳಿಯೊಂದನ್ನು ಒಂದು ನಿಮಿಷ ಹೊದಿಸಿ, ಮುಖವನ್ನೇ ನೋಡುತ್ತಿರಿ. ಅಡಿಯ ಬೆಳಕು ಹೋಗಿ ಕಣ್ಣಿನ ಗುಳಿ ಒಮ್ಮೆಗೇ ಇಳಿಯುತ್ತದೆ. ಕಂಬಳಿ ತೆಗೆಯಿರಿ, ಮತ್ತೆ ಏರುತ್ತದೆ. ಇದನ್ನು ಒಂದು ಸಲ ಕಣ್ಣಾರೆ ಕಂಡ ಮೇಲೆ ಆ ಜಾಗಕ್ಕೆ ಕಪ್ಪು ಹಾಕಲು ನಿಮಗೆ ಕೈಯೇ ಬರುವುದಿಲ್ಲ.

ಇದನ್ನು ಮಹಾ ದೊಡ್ಡ ಮಟ್ಟದಲ್ಲಿ ಮಾಡಿದವರು ಸ್ಪೇನಿನ ಹೊಆಕಿನ್ ಸೊರೊಯಾ. ಹಡಗಿನ ಹಾಯಿ ಹೊಲಿಯುತ್ತಿರುವ ಹೆಂಗಸರನ್ನು ಅವರು 1896ರಲ್ಲಿ ಬರೆದ ದೊಡ್ಡ ಚಿತ್ರವೊಂದು ಈಗ ವೆನಿಸ್‌ನಲ್ಲಿದೆ. ಇಂಟರ್‌ನೆಟ್‌ನಲ್ಲಿ ಹುಡುಕಿ ನೋಡಿ. ಚಿತ್ರದ ಬಹುಭಾಗ ಬರೀ ಬಿಳಿ ಬಟ್ಟೆ, ಆದರೆ ಆ ಬಟ್ಟೆಯಲ್ಲಿ ಶುದ್ಧ ಬಿಳಿ ಇರುವ ಜಾಗ ಕಡಿಮೆ. ನೆರಳಿನ ಬಿಳಿಯಲ್ಲಿ ನೀಲಿ, ನೇರಳೆ, ಹಸಿರು ಎಲ್ಲ ಇವೆ. ಹೊಲಿಯುವವರ ಮುಖಗಳಿಗೆ ಹಾಯಿಯಿಂದ ಪುಟಿದ ಬೆಳಕು ಕೆಳಗಿನಿಂದ ಏರಿದೆ. ಅವರಿಗೆ ಹಾಯಿ, ನಿಮಗೆ ಚಂದ್ರಿಕೆ.

ಮೊಬೈಲ್ ಫೋಟೊ ಈ ಸೂಕ್ಷ್ಮವನ್ನು ಯಾಕೆ ತೋರಿಸಲಿಲ್ಲ? ಕ್ಯಾಮೆರಾ ತಾನಾಗಿಯೇ ಬಣ್ಣದ ಸಮತೋಲ ಮಾಡಿಕೊಳ್ಳುತ್ತದೆ. ದೃಶ್ಯದಲ್ಲಿ ಹಳದಿ ಹೆಚ್ಚಿದ್ದರೆ ಅದನ್ನು ತಗ್ಗಿಸುತ್ತದೆ. ಬಿಸಿಲಿನ ಜಾಗದಲ್ಲಿ ಬಣ್ಣ ಸುಟ್ಟು ಬರೀ ಬಿಳಿಯಾಗುತ್ತದೆ, ಗಾಢ ನೆರಳು ಮುಚ್ಚಿಹೋಗಿ ಕಪ್ಪಾಗುತ್ತದೆ. ಈಗಿನ ಮೊಬೈಲುಗಳು ಹಲವು ಫೋಟೊಗಳನ್ನು ಬೆಸೆದು ಒಂದು ಮಾಡುವುದರಿಂದ ಬಿಸಿಲಿಗೂ ನೆರಳಿಗೂ ನಡುವಿನ ಅಂತರವೂ ಚಪ್ಪಟೆಯಾಗಿಬಿಡುತ್ತದೆ. ಕಣ್ಣು ಹಾಗಲ್ಲ, ನೆರಳಿನೊಳಕ್ಕೆ ನೋಡಿದಾಗ ಅಲ್ಲಿಗೆ ಹೊಂದಿಕೊಂಡು ಬಣ್ಣ ಕಾಣುತ್ತದೆ. ಫೋಟೊ ಬೇಕೇ ಬೇಕೆಂದರೆ ಒಂದರ ಬದಲು ಎರಡು ತೆಗೆಯಿರಿ. ಪರದೆಯ ಮೇಲೆ ಬಿಸಿಲು ಬಿದ್ದ ತೋಳನ್ನು ಒತ್ತಿ ಹಿಡಿದು ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಅಳತೆ) ಲಾಕ್ ಮಾಡಿ ಒಂದು, ನೆರಳಿನ ಮುಖವನ್ನು ಒತ್ತಿ ಲಾಕ್ ಮಾಡಿ ಇನ್ನೊಂದು. ಮೊದಲನೆಯದರಿಂದ ಬಿಸಿಲಿನ ಬಣ್ಣ, ಎರಡನೆಯದರಿಂದ ನೆರಳಿನ ಬಣ್ಣ ಕಲಿಯಬಹುದು. ಆದರೂ ಬಣ್ಣದ ವಿಷಯದಲ್ಲಿ ಜಗಲಿಯಲ್ಲಿ ಕೂತು ಅರ್ಧ ಗಂಟೆ ಮಾಡಿದ ಅಂಗೈಯಗಲದ ಅಭ್ಯಾಸಚಿತ್ರ ನೂರು ಫೋಟೊಗಿಂತ ಹೆಚ್ಚು ಹೇಳುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಇನ್ನು ಬಿಸಿಲಿನ ವಿಷಯ. ಒಂದು ಲೆಕ್ಕ ತಿಳಿದಿರಲಿ. ಬಿಸಿಲಿನ ಅಂಗಳದಲ್ಲಿ ಅತಿ ಬೆಳಗುವ ಜಾಗಕ್ಕೂ ಅತಿ ಕತ್ತಲೆಯ ಮೂಲೆಗೂ ನಡುವೆ ನೂರಾರು ಪಟ್ಟು, ಕೆಲವೊಮ್ಮೆ ಸಾವಿರಾರು ಪಟ್ಟು ವ್ಯತ್ಯಾಸ ಇರುತ್ತದೆ. ನಮ್ಮ ಟೈಟೇನಿಯಂ ಬಿಳಿಗೂ ಐವರಿ ಬ್ಲ್ಯಾಕ್‌ಗೂ ನಡುವೆ ಇರುವುದು ಹತ್ತಾರು ಪಟ್ಟು ಮಾತ್ರ. ಅಂದಮೇಲೆ ಬಿಸಿಲನ್ನು ಇದ್ದ ಹಾಗೆ ಕ್ಯಾನ್ವಾಸಿಗೆ ಇಳಿಸುವುದು ಯಾರಿಂದಲೂ ಆಗುವುದಿಲ್ಲ. ಅಕ್ಕಪಕ್ಕದ ಸಂಬಂಧವನ್ನು ಮಾತ್ರ ಇಳಿಸಬಹುದು. ಬಿಸಿಲನ್ನು ಏರಿಸಲು ಮೇಲೆ ಜಾಗ ಇಲ್ಲದಿದ್ದಾಗ ಉಳಿದದ್ದನ್ನು ಇಳಿಸಬೇಕು.

ನಿಮ್ಮ ಚಿತ್ರದಲ್ಲಿ ಇಳಿಸಬೇಕಾದದ್ದು ಹಿಂದಿನ ಗೋಡೆ. ಅದು ಸುಣ್ಣ ಹೊಡೆದ ಗೋಡೆ, ಬಿಳಿ ಎಂದು ನಿಮಗೆ ಗೊತ್ತು. ಆದ್ದರಿಂದ ಬಿಳಿ ಹಾಕಿದ್ದೀರಿ. ಆದರೆ ಅದು ಸೂರಿನ ಅಡಿಯ ನೆರಳಿನಲ್ಲಿದೆ. ನೇರ ಬಿಸಿಲಿಗೂ ನೆರಳಿಗೂ ಇರುವ ಅಂತರ ಎಷ್ಟು ದೊಡ್ಡದೆಂದರೆ, ನೆರಳಿನ ಬಿಳಿ ಗೋಡೆ ಮತ್ತು ಬಿಸಿಲಿನ ಕಂದು ತೋಳು ಹೆಚ್ಚುಕಡಿಮೆ ಒಂದೇ ತೂಕಕ್ಕೆ ಬಂದುಬಿಡಬಹುದು. ಎಷ್ಟೋ ಸಲ ತೋಳೇ ಹೆಚ್ಚು ಬೆಳಗಿರುತ್ತದೆ. ಕಣ್ಣು ಅರ್ಧ ಮುಚ್ಚಿ ಎರಡನ್ನೂ ಒಟ್ಟಿಗೆ ನೋಡಿದರೆ ಇದು ಕಾಣುತ್ತದೆ. ಅಥವಾ ಒಂದು ರಟ್ಟಿಗೆ ಒಂದಿಂಚು ದೂರದಲ್ಲಿ ಎರಡು ಸಣ್ಣ ತೂತು ಕೊರೆದು, ಒಂದರಲ್ಲಿ ಗೋಡೆ, ಇನ್ನೊಂದರಲ್ಲಿ ತೋಳು ಕಾಣುವಂತೆ ಹಿಡಿಯಿರಿ. ಯಾವುದು ಗೋಡೆ, ಯಾವುದು ತೋಳು ಎಂಬ ಹೆಸರು ಮರೆತು ಬರೀ ಎರಡು ಬಣ್ಣದ ಚುಕ್ಕೆಗಳು ಉಳಿಯುತ್ತವೆ. ನೆರಳಿನ ಗೋಡೆ ಎಷ್ಟು ಗಾಢವಾದ ನೀಲಿಬೂದು ಎಂದು ನೋಡಿ ಆಶ್ಚರ್ಯಪಡುತ್ತೀರಿ. ನನ್ನ ಬಳಿ ಕಲಿಯಲು ಬಂದವರಲ್ಲಿ ಬಹಳ ಮಂದಿಗೆ ಬಣ್ಣದ ಕಣ್ಣು ತೆರೆದದ್ದು ಈ ತೂತು ರಟ್ಟಿನಿಂದ.

ಗೋಡೆಯನ್ನು ಆ ಮಟ್ಟಕ್ಕೆ ಇಳಿಸಿದ ಕೂಡಲೇ, ತೋಳಿಗೆ ಒಂದು ಗೆರೆ ಬಣ್ಣವನ್ನೂ ಸೇರಿಸದೆ, ತೋಳು ಬಿಸಿಲಿಗೆ ಬರುತ್ತದೆ. ಆಗ ಶುದ್ಧ ಬಿಳಿಗೆ ಹತ್ತಿರದ ಬಣ್ಣ ಬೇಕಾಗುವುದು ಎರಡು ಮೂರು ಕಡೆ ಮಾತ್ರ. ಬಿಸಿಲಿನ ನಾಲ್ಕಾರು ಗೂಡುಗಳ ನೆತ್ತಿಗೆ, ಬಳೆಯ ಮಿಂಚಿಗೆ, ಜಗಲಿಯ ಕಲ್ಲಿನ ಅಂಚಿಗೆ. ಉಳಿದ ಕಡೆಯಿಂದ ಬಿಳಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಮೈಬಣ್ಣಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮಗೆ ಸಿಗುವ ಹೆಚ್ಚಿನ ಪಾಠಗಳು, ವಿಡಿಯೊಗಳು ಬೆಳ್ಳಗಿನ ಚರ್ಮವನ್ನು ಮುಂದಿಟ್ಟುಕೊಂಡು ಮಾಡಿದವು. ಅಮ್ಮನದು ಎಣ್ಣೆಗೆಂಪು ಮೈಬಣ್ಣ. ಅದಕ್ಕೆ ಟೈಟೇನಿಯಂ ಬಿಳಿ ಬೆರೆಸಿದರೆ ಬಣ್ಣ ತಿಳಿಯಾಗುವುದರ ಜೊತೆಗೆ ತಂಪಾಗುತ್ತದೆ, ಕಸುವು ಕಳೆದುಕೊಳ್ಳುತ್ತದೆ. ಬಿಸಿಲು ಕಂದು ಚರ್ಮಕ್ಕೆ ಮಾಡುವುದು ಇದಕ್ಕೆ ತದ್ವಿರುದ್ಧ. ಬಣ್ಣವನ್ನು ಕಾಯಿಸಿ, ಕೆಂಪು-ಕಿತ್ತಳೆಯಾಗಿ ಎತ್ತಿ ತೋರಿಸುತ್ತದೆ. ಆದ್ದರಿಂದ ಬಿಸಿಲಿನ ತೋಳಿಗೆ ಯೆಲ್ಲೊ ಓಕರ್ (ಮಣ್ಣಿನ ಹಳದಿ) ಮತ್ತು ಬರ್ನ್ಟ್ ಸಿಯೆನಾವನ್ನು (ಕೆಂಪು ಬೆರೆತ ಕಂದು) ಬುನಾದಿಯಾಗಿ ಇಟ್ಟುಕೊಳ್ಳಿ. ತಿಳಿ ಮಾಡಬೇಕಾದಾಗ ಬಿಳಿಗೆ ಕೈಹಾಕುವ ಮೊದಲು ಓಕರ್ ಹೆಚ್ಚಿಸಿ, ಕ್ಯಾಡ್ಮಿಯಂ ಆರೆಂಜ್ ಚೂರು ಸೇರಿಸಿ. ಆಮೇಲೂ ಬೇಕೆನಿಸಿದರೆ ಬಿಳಿ, ಅದೂ ಕುಂಚದ ತುದಿಯಷ್ಟು.

ನೆರಳಿನ ಮೈಬಣ್ಣಕ್ಕೆ ಬರ್ನ್ಟ್ ಸಿಯೆನಾ ಮತ್ತು ಅಲ್ಟ್ರಾಮರೀನ್ ನೀಲಿ ಸಾಕು. ಸಿಯೆನಾ ಹೆಚ್ಚಿದ್ದರೆ ಬೆಚ್ಚಗಿನ ಗಾಢ ಕಂದು, ನೀಲಿ ಹೆಚ್ಚಿದ್ದರೆ ತಂಪು ಗಾಢ. ಎರಡೂ ಪಾರದರ್ಶಕ ಬಣ್ಣಗಳಾದ್ದರಿಂದ ನೆರಳಿಗೆ ಆಳ ಬರುತ್ತದೆ. ಹಣೆಯಂಥ ಆಕಾಶಕ್ಕೆ ತೆರೆದ ಜಾಗಕ್ಕೆ ನೀಲಿಯ ಕಡೆ ವಾಲಿಸಿ. ಗಲ್ಲದ ಅಡಿಗೆ ಸಿಯೆನಾದ ಜೊತೆ ಓಕರ್ ಮತ್ತು ಒಂದು ಕಣ ಕ್ಯಾಡ್ಮಿಯಂ ಹಳದಿ. ಆದರೆ ಪುಟಿದ ಬೆಳಕು ಎಷ್ಟೇ ಚೆಂದ ಕಂಡರೂ ಅದು ನೆರಳಿನ ಮನೆಯೊಳಗಿನದು. ಗಲ್ಲದ ಅಡಿಯ ಚಿನ್ನದ ಬಣ್ಣ, ಕೆನ್ನೆಯಂಚಿನ ಬಿಸಿಲಿಗಿಂತ ಸ್ಪಷ್ಟವಾಗಿ ಗಾಢವಾಗಿರಬೇಕು. ಖುಷಿಯಲ್ಲಿ ಅದನ್ನು ಬಿಸಿಲಿನ ಮಟ್ಟಕ್ಕೆ ಏರಿಸಿದರೆ ಇಡೀ ಮುಖದ ಉಬ್ಬುತಗ್ಗು ಕಲಸಿಹೋಗುತ್ತದೆ. ಬಣ್ಣದಲ್ಲಿ ಧಾರಾಳ, ತಿಳಿತನದಲ್ಲಿ ಜಿಪುಣತನ.

ಕಪ್ಪನ್ನು ಪೂರ್ತಿ ಬಿಡಿ ಎಂದು ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಸ್ವೀಡನ್ನಿನ ಆಂಡರ್ಸ್ ಸೋರ್ನ್ ಓಕರ್, ವರ್ಮಿಲಿಯನ್ ಕೆಂಪು, ಐವರಿ ಬ್ಲ್ಯಾಕ್, ಬಿಳಿ ಈ ನಾಲ್ಕನ್ನೇ ಮುಖ್ಯವಾಗಿಟ್ಟುಕೊಂಡು ಮಾಡಿದ ಮೈಬಣ್ಣ ಇಂದಿಗೂ ಪಾಠವಾಗಿದೆ. ಅವರ ಪ್ಯಾಲೆಟ್ಟಿನಲ್ಲಿ ಕಪ್ಪು ನೀಲಿಯ ಕೆಲಸ ಮಾಡುತ್ತಿತ್ತು, ಯಾಕೆಂದರೆ ಐವರಿ ಬ್ಲ್ಯಾಕ್‌ಗೆ ಬಿಳಿ ಸೇರಿಸಿದರೆ ನೀಲಿ ಛಾಯೆಯ ಬೂದು ಬರುತ್ತದೆ, ಹಳದಿ ಸೇರಿಸಿದರೆ ಪಾಚಿ ಹಸಿರು ಬರುತ್ತದೆ. ನಿಮಗೆ ಆದದ್ದೂ ಇದೇ. ಓಕರ್ ಹೆಚ್ಚಿರುವ ಮೈಬಣ್ಣಕ್ಕೆ ಕಪ್ಪು ಬೆರೆಸಿದಾಗ ಅದು ಹಸಿರಿಗೆ ತಿರುಗಿತು, ಮೇಲೆ ಬಿಳಿ ಬಿದ್ದಾಗ ಬೂದಿಯಾಯಿತು. ಕಪ್ಪು ಬಳಸಿ, ಆದರೆ ಅದನ್ನು ಒಂದು ಬಣ್ಣವೆಂದು ತಿಳಿದು ಬಳಸಿ. ನೆರಳು ಬೇಕಾದ ಕಡೆಗೆಲ್ಲ ಅದು ಮದ್ದಲ್ಲ.

ಬಿಸಿಲು ಮುಗಿದು ನೆರಳು ಶುರುವಾಗುವ ಗಡಿಯನ್ನು ಗಮನಿಸಿ. ನಿಮ್ಮ ಚಿತ್ರದಲ್ಲಿ ಅಲ್ಲಿ ಬೂದು ಇದೆ. ನಿಜವಾಗಿ ಚರ್ಮದ ಬಣ್ಣ ಬಹಳ ಕೆಂಪಾಗಿ ಕಾಣುವ ಜಾಗಗಳಲ್ಲಿ ಅದೂ ಒಂದು. ಬೆಳಕು ಚರ್ಮದೊಳಕ್ಕೆ ಸ್ವಲ್ಪ ಇಳಿದು, ಒಳಗೆ ಚೆದುರಿ, ಪಕ್ಕದಲ್ಲಿ ಹೊರಬರುತ್ತದೆ. ಹೀಗೆ ದೂರ ಸಾಗಿ ಹೊರಬರುವುದು ಹೆಚ್ಚಾಗಿ ಕೆಂಪು ಬೆಳಕು. ಕಿವಿಯ ಹಿಂದಿನಿಂದ ಬಿಸಿಲು ಬಿದ್ದಾಗ ಕಿವಿ ಕೆಂಪಗೆ ಉರಿಯುವುದು, ಬೆರಳ ಸಂದಿ ಕೆಂಪಾಗುವುದು ಇದೇ ಕಾರಣಕ್ಕೆ. ಕೆನ್ನೆಯಂಚಿನ ಬಿಸಿಲಿಗೂ ನೆರಳಿಗೂ ನಡುವೆ ಬರ್ನ್ಟ್ ಸಿಯೆನಾ ಮತ್ತು ಕ್ಯಾಡ್ಮಿಯಂ ಕೆಂಪಿನ ಒಂದು ಸಣ್ಣ ಪಟ್ಟಿ ಎಳೆದು, ಎರಡೂ ಕಡೆಗೆ ಮೆತ್ತಗೆ ಸೇರಿಸಿ. ಮುಖಕ್ಕೆ ರಕ್ತ ಬರುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಹಲ್ದಣಕರ್ ಅವರ ದೀಪದ ಮಹಿಳೆಯನ್ನು ನೋಡಿದ್ದೀರಾ? ಅದನ್ನು ರವಿವರ್ಮನದೆಂದು ಹಲವರು ತಪ್ಪು ತಿಳಿಯುತ್ತಾರೆ. ದೀಪಕ್ಕೆ ಅಡ್ಡ ಹಿಡಿದ ಅಂಗೈಯ ಬೆರಳುಗಳನ್ನು ಹತ್ತಿರದಿಂದ ನೋಡಿ. ಬೆಳಕು ಚರ್ಮದೊಳಗಿಂದ ಹಾದು ಬರುವುದನ್ನು ಜಲವರ್ಣದಲ್ಲಿ ಹಾಗೆ ಹಿಡಿದವರು ನಮ್ಮಲ್ಲಿ ವಿರಳ.

ಹೊಳಪಿನ ಚುಕ್ಕೆಗಳ ಬಗ್ಗೆ ಒಂದು ಮಾತು. ಗಾಢ ಚರ್ಮದಲ್ಲಿ ಹೊಳಪು ಎದ್ದು ಕಾಣುತ್ತದೆ. ಹೊಳಪಿನ ಬಣ್ಣ ಚರ್ಮದ್ದಲ್ಲ, ಅಲ್ಲಿ ಪ್ರತಿಫಲಿಸುವ ಬೆಳಕಿನದು. ನೆರಳಿನಲ್ಲಿರುವ ಹಣೆಯ ಎಣ್ಣೆ-ಬೆವರಿನ ಹೊಳಪಿನಲ್ಲಿ ಕಾಣುವುದು ಆಕಾಶ. ಆದ್ದರಿಂದ ಅಲ್ಲಿ ಬಿಳಿಯ ಬದಲು, ಮೈಬಣ್ಣಕ್ಕೆ ಸೆರೂಲಿಯನ್ ನೀಲಿ ಮತ್ತು ಬಿಳಿ ಬೆರೆತ ಮಂಕು ನೀಲಿ ಇಡಿ. ಒಮ್ಮೆ ಇಟ್ಟು ಕೈ ತೆಗೆಯಿರಿ, ತಿಕ್ಕಬೇಡಿ. ಆ ನೀಲಿಯ ಪಕ್ಕದಲ್ಲಿ ಎಣ್ಣೆಗೆಂಪು ಇನ್ನಷ್ಟು ಬೆಚ್ಚಗೆ ಕಾಣುತ್ತದೆ. ಅಮೃತಾ ಶೇರ್-ಗಿಲ್ ದಕ್ಷಿಣ ಭಾರತದ ಪ್ರವಾಸದ ನಂತರ 1937ರಲ್ಲಿ ಬರೆದ ಬ್ರಹ್ಮಚಾರಿಗಳ ಚಿತ್ರದಲ್ಲಿ ಕಂದು ಮೈಗಳು, ಬಿಳಿ ಪಂಚೆಗಳು ಒಂದನ್ನೊಂದು ಹೇಗೆ ಎತ್ತಿಹಿಡಿಯುತ್ತವೆ ಎಂಬುದನ್ನೂ ಗಮನಿಸಿ. ನಮ್ಮ ಮೈಬಣ್ಣವನ್ನು ತಿಳಿಮಾಡಿ ಚೆಂದಗೊಳಿಸುವ ಗೋಜಿಗೆ ಅವರು ಹೋಗಲಿಲ್ಲ. ಅಮ್ಮನ ವಿಷಯದಲ್ಲಿ ನೀವೂ ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆ ಮುಖ ಬಿಸಿಲಿಗೆ ಮಾಗಿದ ಮುಖ, ಅದರ ಗಾಢತೆಯೇ ಚಿತ್ರಕ್ಕೆ ಬೆಲೆ.

ಸೀರೆ ಸುಲಭ. ಬಿಸಿಲಿನ ಕೆಂಪಿಗೆ ಬಿಳಿ ಹಾಕಿದ್ದರಿಂದ ಅದು ಗುಲಾಬಿಯಾಗಿದೆ. ಬಿಳಿ ತೆಗೆದು ಕಿತ್ತಳೆ ಸೇರಿಸಿ. ನೆರಳಿಗೆ ಅಲಿಜರಿನ್ ಕ್ರಿಮ್ಸನ್ (ಕಡುಗೆಂಪು) ಮತ್ತು ಅಲ್ಟ್ರಾಮರೀನ್. ಹಳೆಯ ಬಗೆಯ ಅಲಿಜರಿನ್ ಬೆಳಕಿಗೆ ಮಾಸುತ್ತದೆ, ಪರ್ಮನೆಂಟ್ ಎಂದು ಬರೆದಿರುವುದನ್ನೇ ಕೊಳ್ಳಿ. ಸೀರೆಯ ಕೆಂಪು ಒಳತೋಳಿಗೆ ಸ್ವಲ್ಪ ಅಂಟಲಿ.

ಗೂಡುಗಳು ನಿಮ್ಮ ಚಿತ್ರದಲ್ಲಿ ನಿಂಬೆಹಳದಿಯಾಗಿ ಒಂದೇ ಸಮ ಹೊಳೆಯುತ್ತಿವೆ. ನೂರಾರು ಗೂಡುಗಳನ್ನು ಒಂದೊಂದಾಗಿ ತಿದ್ದಿದ್ದೀರಿ, ಆ ಶ್ರಮ ಕಾಣುತ್ತದೆ. ಆದರೆ ಬೆಳಕಿನ ದೃಷ್ಟಿಯಿಂದ ಚಂದ್ರಿಕೆ ಒಂದೇ ಹಾಸು. ಬಿಸಿಲು ಓರೆಯಾಗಿ ಬೀಳುವಾಗ ಪ್ರತಿ ಬಿದಿರು ಪಟ್ಟಿಯೂ ಪಕ್ಕದ ಸಾಲಿನ ಮೇಲೆ ನೆರಳು ಚೆಲ್ಲುತ್ತದೆ. ಆ ನೆರಳನ್ನು ನೇರಳೆಬೂದು ಮಾಡಿದರೆ ಹಳದಿ ತಾನಾಗಿ ಹೊತ್ತಿಕೊಳ್ಳುತ್ತದೆ. ಫ್ರಾನ್ಸಿನಲ್ಲಿ ಚಿತ್ರಗಂಬಳಿ ನೇಯುವ ಗೋಬ್ಲಾಂ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್, ಕಪ್ಪು ನೂಲು ಮಂಕಾಗಿದೆ ಎಂಬ ದೂರನ್ನು ಬೆನ್ನುಹತ್ತಿ ಹೋಗಿ, ದೋಷ ಬಣ್ಣದಲ್ಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳಿಂದ ಹಾಗೆ ಕಾಣುತ್ತಿದೆ ಎಂದು ಕಂಡುಕೊಂಡರು. 1839ರಲ್ಲಿ ಅದನ್ನು ನಿಯಮವಾಗಿ ಪ್ರಕಟಿಸಿದರು. ನೂಲಿನ ಊರಿನವರಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮುಖಕ್ಕೆ ಹತ್ತಿರದ ಗೂಡುಗಳನ್ನು ಮಾತ್ರ ಸ್ಪಷ್ಟವಾಗಿ ಬರೆದು, ಚಿತ್ರದ ಅಂಚಿನವನ್ನು ಬಣ್ಣದ ತೇಪೆಗಳಾಗಿ ಬಿಡಿ.

ಈಗ ನೀವು ಕೆಲಸ ಮಾಡುವ ಬೆಳಕು. ರಾತ್ರಿ ಸಾಧಾರಣ ಟ್ಯೂಬ್‌ಲೈಟಿನಲ್ಲಿ ಬಣ್ಣ ಕಲಸಿದರೆ ಕೆಂಪು, ಕಂದುಗಳ ನಡುವಿನ ಸೂಕ್ಷ್ಮ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಮೈಬಣ್ಣ ನಿಂತಿರುವುದು ಆ ವ್ಯತ್ಯಾಸದ ಮೇಲೆ. ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚು, 5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದು ಬರೆದಿರುವ ಎಲ್‌ಇಡಿ ಬಲ್ಬ್ ತಂದು, ಕ್ಯಾನ್ವಾಸಿಗೂ ಪ್ಯಾಲೆಟ್ಟಿಗೂ ಒಂದೇ ಬೆಳಕು ಬೀಳುವಂತೆ ಹಾಕಿ. ರಜೆಯ ದಿನ ಹಗಲಲ್ಲಿ ಮಾಡುವುದಾದರೆ ಉತ್ತರದ ಕಿಟಕಿ ಒಳ್ಳೆಯದು ಎಂದು ಓದಿರುತ್ತೀರಿ. ಆ ಮಾತು ಯೂರೋಪಿಗೆ ವರ್ಷವಿಡೀ ಹೆಚ್ಚುಕಡಿಮೆ ಸಲ್ಲುತ್ತದೆ. ನಾವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯನೂ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಬೆಳಿಗ್ಗೆ ಸಂಜೆ ಉತ್ತರದ ಕಿಟಕಿಯೊಳಗೆ ಬಿಸಿಲು ಇಣುಕುತ್ತದೆ. ಆ ತಿಂಗಳುಗಳಲ್ಲಿ ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿಕೊಳ್ಳಿ. ಹಾಗೆಯೇ, ಹುಳುಮನೆಯಲ್ಲಾಗಲೀ ಅದರ ಪಕ್ಕದ ಕೋಣೆಯಲ್ಲಾಗಲೀ ಟರ್ಪೆಂಟೈನ್ ಶೀಶೆ ತೆರೆಯಬೇಡಿ. ರೇಷ್ಮೆಹುಳು ಇಂಥ ಆವಿಗೆ ಎಷ್ಟು ಸೂಕ್ಷ್ಮ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ, ಆದರೆ ಚಿತ್ರದ ಗುಂಗಿನಲ್ಲಿ ಮರೆತುಹೋಗಬಹುದು.

ಕ್ಯಾನ್ವಾಸಿನ ಮೇಲಿನ ಕೆಲಸ ಹೀಗೆ ಶುರುವಾಗಲಿ. ನೆರಳಿನ ಜಾಗಗಳು ಹೊಳಪಿಲ್ಲದೆ ಮಂಕಾಗಿ, ತೇಪೆ ತೇಪೆಯಾಗಿ ಕಾಣುತ್ತಿವೆ. ಅದರಲ್ಲಿ ಸ್ವಲ್ಪ ಭಾಗ ನಿಮ್ಮ ಬಣ್ಣದ ತಪ್ಪಲ್ಲ, ಅಡಿಯ ಪದರ ಎಣ್ಣೆಯನ್ನು ಹೀರಿಕೊಂಡಿದೆ. ಚಿತ್ರ ಮುಟ್ಟಿದರೆ ಅಂಟದಷ್ಟು ಒಣಗಿದ್ದರೆ, ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ, ನೂಲು ಉದುರದ ಬಟ್ಟೆಯಿಂದ ಆ ಜಾಗಗಳಿಗೆ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಮುಳುಗಿದ ಬಣ್ಣ ಮೇಲೆ ಬರುತ್ತದೆ. ಆಗ ಮಾತ್ರ ಯಾವುದು ನಿಜವಾಗಿ ತಪ್ಪು, ಯಾವುದು ಬರೀ ಮಂಕು ಎಂದು ತಿಳಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಆಮೇಲೆ ಗೋಡೆ. ಅಲ್ಟ್ರಾಮರೀನ್, ಸ್ವಲ್ಪ ಬರ್ನ್ಟ್ ಸಿಯೆನಾ, ತುಸು ಎಣ್ಣೆ ಬೆರೆಸಿ ತೆಳುಪದರವಾಗಿ ಗೋಡೆಯ ಮೇಲೆ ಎಳೆದು, ಬಟ್ಟೆಯಿಂದ ಅಲ್ಲಲ್ಲಿ ಒತ್ತಿ ತೆಗೆಯಿರಿ. ಅಡಿಯ ಬಿಳಿ ಒಳಗಿನಿಂದ ಉಸಿರಾಡುತ್ತದೆ. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಹೆಚ್ಚಿರಲಿ, ಇಲ್ಲವಾದರೆ ಮುಂದೆ ಬಿರುಕು ಬಿಡುತ್ತದೆ. ಗೋಡೆ ಇಳಿದ ಮೇಲೆ ಒಂದು ದಿನ ಚಿತ್ರವನ್ನು ಹಾಗೇ ಬಿಟ್ಟು, ಮಾರನೆಯ ದಿನ ಹಗಲಲ್ಲಿ ನೋಡಿ. ಮುಖಕ್ಕೆ ನೀವು ಮಾಡಬೇಕೆಂದುಕೊಂಡದ್ದರಲ್ಲಿ ಅರ್ಧ ಬೇಡವಾಗಿರುತ್ತದೆ. ಉಳಿದ ಅರ್ಧವನ್ನು, ಅಂದರೆ ನೆರಳಿನ ಒಟ್ಟು ಆಕಾರ, ಅದರೊಳಗಿನ ತಂಪು ಮತ್ತು ಬಿಸಿ, ಗಡಿಯ ಕೆಂಪು, ಕೊನೆಗೆ ಕೆನ್ನೆಯಂಚಿನ ಬಿಸಿಲು, ಈ ಕ್ರಮದಲ್ಲಿ ಮಾಡಿ. ಸಣ್ಣ ಕುಂಚವನ್ನು ಕೊನೆಯ ದಿನದವರೆಗೂ ಡಬ್ಬಿಯಲ್ಲೇ ಇಟ್ಟಿರಿ.

ಆದರೆ ಇದೆಲ್ಲಕ್ಕೂ ಮೊದಲು 8×10 ಇಂಚಿನ ಬೋರ್ಡಿನ ಮೇಲೆ, ಒಂದಿಂಚಿನ ಚಪ್ಪಟೆ ಕುಂಚ ಹಿಡಿದು, ಜಗಲಿಯಲ್ಲಿ ಕೂತು ಒಂದು ಬಣ್ಣದ ಅಭ್ಯಾಸಚಿತ್ರ ಮಾಡಿ. ಕಣ್ಣು, ಮೂಗು ಬೇಡ. ಗೋಡೆ, ತೋಳು, ಸೀರೆ, ಚಂದ್ರಿಕೆ, ನೆರಳಿನ ಮುಖ, ಇಷ್ಟು ತೇಪೆಗಳ ಬಣ್ಣ ಮಾತ್ರ. ಎಳೆಬಿಸಿಲು ಬೇಗ ಏರುವುದರಿಂದ ನಲವತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಉಳಿದದ್ದನ್ನು ಮಾರನೆಯ ದಿನ ಅದೇ ಹೊತ್ತಿಗೆ ಮುಂದುವರಿಸಿ. ದೊಡ್ಡ ಚಿತ್ರವನ್ನು ತಿದ್ದುವಾಗ ಮೊಬೈಲನ್ನು ಪಕ್ಕಕ್ಕಿಟ್ಟು ಈ ಬೋರ್ಡನ್ನು ಎದುರಿಗೆ ಇಟ್ಟುಕೊಳ್ಳಿ. ಮತ್ತೆ ಪತ್ರ ಬರೆಯುವಾಗ ಆ ಅಭ್ಯಾಸಚಿತ್ರದ ಫೋಟೊ ಕಳಿಸಿ. ಹಗಲಿನಲ್ಲಿ, ನೆರಳಿನಲ್ಲಿಟ್ಟು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಕಾಣುವಂತೆ ತೆಗೆದಿರಲಿ. ಆಗ ಬಣ್ಣದ ಬಗ್ಗೆ ಇನ್ನೂ ಖಚಿತವಾಗಿ ಹೇಳಬಲ್ಲೆ.